ಅಕ್ಷರದ ಮೇಲೆ ಜೇನು: ಒಂದು ಯಹೂದಿ ಶಿಶುವಿಹಾರದಲ್ಲಿ ಕಂಡದ್ದು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಹೋದ ಗೋಷ್ಠಿ ಮುಗಿದು ಪ್ರಸಾದಕ್ಕೆ ಕೂತಾಗ ಪೂಜ್ಯರು, "ಇಂಜಿನಿಯರೇ, ಆರು ತಿಂಗಳು ಅಮೆರಿಕದಲ್ಲಿ ಇದ್ದು ಬಂದಿರಿ. ಅಲ್ಲಿ ಕಂಡದ್ದನ್ನು ನಾಲ್ಕು ಜನರಿಗೆ ಹೇಳಿರಿ" ಎಂದು ಅಪ್ಪಣೆ ಕೊಡಿಸಿದರು. ನಾನು ಮಾತುಗಾರನಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಸೇವೆಯಲ್ಲಿ ಎಸ್ಟಿಮೇಟು ಬರೆದೆ, ಅಳತೆ ಪುಸ್ತಕ ಬರೆದೆ, ಭಾಷಣ ಬರೆಯಲಿಲ್ಲ. ನಯಾಗರ ಜಲಪಾತ ನೋಡಿ ಬಂದೆ, ನಿಜ. ಅದರ ಚಿತ್ರ ನಿಮ್ಮೆಲ್ಲರ ಫೋನಿನಲ್ಲೂ ಸಿಗುತ್ತದೆ. ಆ ಆರು ತಿಂಗಳಲ್ಲಿ ನಾನು ಅತಿ ಹೆಚ್ಚು ಸಲ ಹೋದ ಜಾಗವೆಂದರೆ ನನ್ನ ಮೂರು ವರ್ಷದ ಮೊಮ್ಮಗಳ ಶಿಶುವಿಹಾರ. ಬೆಳಿಗ್ಗೆ ಬಿಟ್ಟು ಬರುವುದು, ಮಧ್ಯಾಹ್ನ ಕರೆದುಕೊಂಡು ಬರುವುದು ನನ್ನ ಡ್ಯೂಟಿ. ಅದು ಯಹೂದ್ಯರು ನಡೆಸುವ ಶಿಶುವಿಹಾರ. ಇವತ್ತು ಅದರ ಬಗ್ಗೆಯೇ ಹೇಳುತ್ತೇನೆ.

ಲಿಂಗಾಯತರ ಮನೆಯ ಮಗು ಯಹೂದಿ ಶಾಲೆಗೆ ಏಕೆ ಹೋಯಿತು ಎಂದು ನೀವು ಕೇಳುತ್ತೀರಿ. ನಾನೂ ಮಗಳನ್ನು ಕೇಳಿದೆ. ನ್ಯೂಜೆರ್ಸಿಯಲ್ಲಿ ಅವಳ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಅದೊಂದೇ. ಅಂಥ ಶಿಶುವಿಹಾರಗಳಿಗೆ ಯಹೂದ್ಯರಲ್ಲದ ಮಕ್ಕಳೂ ಬಹಳ ಬರುತ್ತಾರೆ. ಇನ್ನೊಂದು ಕಾರಣ ಊಟದ ಡಬ್ಬಿ. ಅಲ್ಲಿ ಡಬ್ಬಿಯಲ್ಲಿ ಮಾಂಸ ತರುವಂತಿಲ್ಲ. ಅವರೇನು ಸಸ್ಯಾಹಾರಿಗಳಲ್ಲ. ಆದರೆ ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಒಟ್ಟಿಗೆ ತಿನ್ನಬಾರದು, ಒಂದೇ ಪಾತ್ರೆಯಲ್ಲಿ ಮಾಡಬಾರದು ಎಂಬ ವಿಧಿ ಅವರಿಗಿದೆ. ಮರಿಯನ್ನು ಅದರ ತಾಯಿಯ ಹಾಲಿನಲ್ಲೇ ಬೇಯಿಸಕೂಡದೆಂದು ಅವರ ಧರ್ಮಗ್ರಂಥ ತೋರಾದಲ್ಲಿ ಮೂರು ಕಡೆ ಹೇಳಿದೆಯಂತೆ, ಅಲ್ಲಿಂದ ಬಂದ ವಿಧಿ. ಮೂವತ್ತು ಮಕ್ಕಳ ಡಬ್ಬಿಯಲ್ಲಿ ಇದನ್ನೆಲ್ಲ ಯಾರು ವಿಂಗಡಿಸುತ್ತಾರೆ? ಮಾಂಸವೇ ಬೇಡ ಎಂದುಬಿಟ್ಟರೆ ಕೆಲಸ ಹಗುರ. ಮೊಟ್ಟೆ, ಮೀನು ನಡೆಯುತ್ತದೆ, ಅದು ಬೇರೆ ಮಾತು. ನನ್ನ ಮಗಳಿಗೆ ಅಷ್ಟೇ ಸಾಕಾಯಿತು.

ಮೊದಲ ದಿನ ಬಾಗಿಲಲ್ಲೇ ನಿಂತುಬಿಟ್ಟೆ. ಕಬ್ಬಿಣದ ಗೇಟು, ಕ್ಯಾಮೆರಾ, ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡ ಕಾವಲುಗಾರ. ಎಲ್ಲ ಮೂರು-ನಾಲ್ಕು ವರ್ಷದ ಮಕ್ಕಳು, ಬಾಗಿಲಲ್ಲಿ ಪಿಸ್ತೂಲು! ಅದಕ್ಕೆ ಆಮೇಲೆ ಬರುತ್ತೇನೆ.

ಒಳಗೆ ಹೋದರೆ ಬೇರೆಯೇ ಲೋಕ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಅಳತೆ ಟೇಪು ಇರುತ್ತದೆ, ಹಳೇ ಚಟ. ಅಳೆದು ನೋಡಿದೆ. ಕೈ ತೊಳೆಯುವ ಬೇಸಿನ್ನು ನೆಲದಿಂದ 22 ಇಂಚು. ಕಿಟಕಿಯ ಕೆಳ ಅಂಚು 18 ಇಂಚು. ಮಗು ಕುರ್ಚಿಯಲ್ಲಿ ಕೂತರೂ ಹೊರಗಿನ ಗಿಡ, ಅಳಿಲು, ಕಸದ ಲಾರಿ ಎಲ್ಲ ಕಾಣುತ್ತದೆ. ಸೇವೆಯಲ್ಲಿದ್ದಾಗ ನಾನು ಕಟ್ಟಿಸಿದ ಅಂಗನವಾಡಿ ಕೊಠಡಿಗಳನ್ನು ಲೆಕ್ಕ ಹಾಕಿದರೆ ನಲವತ್ತಕ್ಕೆ ಕಡಿಮೆ ಇಲ್ಲ. ಎಲ್ಲದಕ್ಕೂ ಒಂದೇ ನಕ್ಷೆ. ಕಿಟಕಿ ನೆಲದಿಂದ ಮೂರು ಅಡಿ ಮೇಲೆ. ನನ್ನ ಕೊಠಡಿಗಳಲ್ಲಿ ಕೂತ ಮಕ್ಕಳಿಗೆ ಆಕಾಶದ ಒಂದು ತುಂಡು ಬಿಟ್ಟು ಬೇರೇನೂ ಕಂಡಿರಲಾರದು. ನಕ್ಷೆಯನ್ನು ನಾನು ಮಾಡಿದ್ದಲ್ಲ, ಆದರೆ ಸಹಿ ನನ್ನದು. 1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆ ನಮ್ಮ ದೇಶದ ದೊಡ್ಡ ಕೆಲಸಗಳಲ್ಲಿ ಒಂದು ಎಂದು ನಾನು ನಂಬಿದವನು. ಆ ಯೋಜನೆಗೆ ಒಂದೂವರೆ ಅಡಿ ಕೆಳಗೆ ಕಿಟಕಿ ಇಡುವುದಕ್ಕೆ ದುಡ್ಡು ಹೆಚ್ಚು ಬೇಕಿರಲಿಲ್ಲ, ಯೋಚನೆ ಬೇಕಿತ್ತು.

ಎರಡನೇ ವಾರ ಟೀಚರನ್ನು ಕೇಳಿದೆ, "ಮಗುವಿಗೆ ಅಕ್ಷರ ಬರೆಸುವುದು ಯಾವಾಗ?" ಟೀಚರನ್ನು ಮಕ್ಕಳು 'ಮೋರಾ' ಎನ್ನುತ್ತಾರೆ, ಹೀಬ್ರೂದಲ್ಲಿ ಶಿಕ್ಷಕಿ ಎಂದರ್ಥ. ಆಕೆ ನಕ್ಕು, "ಶುಕ್ರವಾರ ಬೆಳಿಗ್ಗೆ ಬಂದು ಕೂತು ನೋಡಿ" ಅಂದರು. ಅಲ್ಲಿ ಸ್ಲೇಟಿಲ್ಲ, ಹೋಂವರ್ಕಿಲ್ಲ. ಮರದ ದಿಮ್ಮಿಗಳ ಮೂಲೆ, ನೀರಿನ ತೊಟ್ಟಿ, ಮರಳು, ಬಣ್ಣ. ಬೆಳಿಗ್ಗೆ ಎಲ್ಲರೂ ದುಂಡಗೆ ಕೂಡುತ್ತಾರೆ. ಇವತ್ತು ಯಾರು ಬಂದಿಲ್ಲ, ಹೊರಗೆ ಮಳೆಯೋ ಬಿಸಿಲೋ, ಗಿಡಕ್ಕೆ ನೀರು ಹಾಕುವ ಪಾಳಿ ಯಾರದು ಎಂದು ಮಾತಾಡುತ್ತಾರೆ. ನಮ್ಮ ಕಡೆ ಎಲ್‌ಕೆಜಿ ಮಗುವಿನ ಬೆನ್ನಿಗೆ ಎರಡು ಕಿಲೋ ಚೀಲ ಹೊರಿಸಿದ ನನಗೆ ಇದು ಕಾಲಹರಣ ಎಂದೇ ತೋರಿತು.

ಅಭಿಪ್ರಾಯ ಬದಲಾದದ್ದು ಒಂದು ಬಾಳೆಹಣ್ಣಿನಿಂದ. ಯಹೂದ್ಯರಲ್ಲಿ ಏನನ್ನೇ ತಿನ್ನುವ ಮೊದಲು ದೇವರಿಗೆ ಒಂದು ಕೃತಜ್ಞತೆಯ ಮಾತು ಹೇಳಬೇಕು. ಆದರೆ ಎಲ್ಲಕ್ಕೂ ಒಂದೇ ಮಾತಲ್ಲ. ರೊಟ್ಟಿಗೆ ಒಂದು, ಧಾನ್ಯದ ಇತರ ತಿಂಡಿಗೆ ಒಂದು, ದ್ರಾಕ್ಷಾರಸಕ್ಕೆ ಒಂದು, ಮರದ ಹಣ್ಣಿಗೆ ಒಂದು, ನೆಲದ ಬೆಳೆಗೆ ಒಂದು, ಉಳಿದದ್ದಕ್ಕೆಲ್ಲ ಒಂದು, ಹೀಗೆ ಆರು ಬಗೆ. ಹಾಗಾಗಿ ತಿನ್ನುವ ಮುಂಚೆ ಮಗು ಕೇಳಿಕೊಳ್ಳಬೇಕು: ಇದು ಎಲ್ಲಿಂದ ಬಂತು? ಸೇಬು ಮರದ್ದು. ಗಜ್ಜರಿ ನೆಲದ್ದು. ಆ ದಿನ ಬಾಳೆಹಣ್ಣು ಬಂತು. ಅರ್ಧ ಮಕ್ಕಳು ಮರ ಎಂದರು, ಅರ್ಧ ನೆಲ ಎಂದರು, ದೊಡ್ಡ ಗಲಾಟೆ. ಮೋರಾ ಉತ್ತರ ಹೇಳದೆ ನನ್ನ ಕಡೆ ತಿರುಗಿ, "ಈ ಅಜ್ಜನ ಊರಲ್ಲಿ ಬಾಳೆ ಬೆಳೆಯುತ್ತದೆ, ಅವರನ್ನು ಕೇಳೋಣ" ಅಂದರು. ನಮ್ಮಪ್ಪನ ಹೊಲದಲ್ಲಿ ಬಾಳೆ ಇತ್ತು. ಗೊನೆ ಕೊಟ್ಟ ಮೇಲೆ ಆ ಗಿಡ ಸಾಯುತ್ತದೆ, ಕಡಿದು ಹಾಕುತ್ತೇವೆ, ಬುಡದಿಂದ ಮರಿ ಏಳುತ್ತದೆ ಎಂದೆ. ಮರವಾದರೆ ಪ್ರತಿ ವರ್ಷ ಅದೇ ಕೊಂಬೆಯಲ್ಲಿ ಬಿಡಬೇಕಲ್ಲವೇ? ಹಾಗಾಗಿ ಬಾಳೆ ನೆಲದ ಬೆಳೆ. ಅವರ ಧರ್ಮಶಾಸ್ತ್ರಜ್ಞರ ತೀರ್ಮಾನವೂ ಅದೇ, ಕಾರಣವೂ ಅದೇ! ಸಸ್ಯಶಾಸ್ತ್ರದ ಮೊದಲ ಪಾಠ ಮೂರು ವರ್ಷದ ಮಕ್ಕಳಿಗೆ ತಿಂಡಿಯ ತಟ್ಟೆಯ ಮುಂದೆ ಆಯಿತು. ಯಾರೂ ಬರೆದುಕೊಳ್ಳಲಿಲ್ಲ, ಯಾರೂ ಮರೆಯಲೂ ಇಲ್ಲ.

ಇನ್ನು ಶುಕ್ರವಾರ. ಶುಕ್ರವಾರ ಸೂರ್ಯ ಮುಳುಗುವಾಗ ಅವರ ಶಬ್ಬಾತ್ ಶುರು, ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ದುಡಿಮೆ ಇಲ್ಲ. ಯಾವುದು ದುಡಿಮೆ ಎಂಬುದಕ್ಕೆ 39 ಬಾಬುಗಳ ಪಟ್ಟಿ ಇದೆ. ಬಿತ್ತುವುದು, ನೇಯುವುದು, ಕಟ್ಟುವುದು, ಬೆಂಕಿ ಹಚ್ಚುವುದು ಹೀಗೆ. ಎತ್ತಿಗೂ ಕತ್ತೆಗೂ ಆ ದಿನ ವಿಶ್ರಾಂತಿ ಎಂದು ವಿಧಿಯಲ್ಲೇ ಇದೆ. ಇದನ್ನು ಕೇಳಿದಾಗ ನನಗೆ ನಮ್ಮೂರು ನೆನಪಾಯಿತು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆಯಲ್ಲಿ ಹುಟ್ಟಿದವನು ನಾನು. ನಮ್ಮ ಪಕ್ಕದ ಕೊಂಕಣ ಕರಾವಳಿಯಲ್ಲಿ ನೂರಾರು ವರ್ಷ ಬಾಳಿದ ಬೆನೆ ಇಸ್ರೇಲ್ ಎಂಬ ಯಹೂದ್ಯರು ಗಾಣದ ಕಸುಬಿನವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಸುತ್ತಲಿನ ಜನ ಅವರನ್ನು 'ಶನಿವಾರ ತೇಲಿ' ಎಂದೇ ಕರೆದರು, ಅಂದರೆ ಶನಿವಾರದ ಗಾಣಿಗರು. ಅವರೇ 1875ರಲ್ಲಿ ಮುಂಬೈಯಲ್ಲಿ ತಮ್ಮ ಮಕ್ಕಳಿಗೆ ಶಾಲೆ ತೆರೆದರು. ಅದು ಈಗ ಸರ್ ಎಲಿ ಕದೂರಿ ಶಾಲೆ ಎಂಬ ಹೆಸರಲ್ಲಿದೆ.

ಶಿಶುವಿಹಾರದಲ್ಲಿ ಶಬ್ಬಾತ್ ಬೆಳಿಗ್ಗೆಯೇ ಆಗುತ್ತದೆ, ಏಕೆಂದರೆ ಸಂಜೆ ಮಕ್ಕಳು ಮನೆಯಲ್ಲಿರಬೇಕು. ಬಂದ ಕೂಡಲೇ ಎಲ್ಲರ ಕೈಗೂ ಒಂದೊಂದು ಉಂಡೆ ಕಣಕ. ಅದನ್ನು ನಾದಿ, ಮೂರು ಹುರಿ ಮಾಡಿ, ಜಡೆಯಂತೆ ಹೆಣೆದು ಬೇಯಲಿಕ್ಕೆ ಕೊಡುತ್ತಾರೆ. ಆ ರೊಟ್ಟಿಗೆ ಖಲ್ಲಾ ಎನ್ನುತ್ತಾರೆ. ಮೋರಾ ನನ್ನ ಕಡೆ ನೋಡಿ, "ಅಕ್ಷರ ಕೇಳಿದಿರಲ್ಲ, ಈ ಬೆರಳುಗಳು ಈಗ ಅದನ್ನೇ ಕಲಿಯುತ್ತಿವೆ" ಅಂದರು. ಪೆನ್ಸಿಲ್ ಹಿಡಿಯಲು ಬೇಕಾದ ಬಲ ಕಣಕ ನಾದುವುದರಲ್ಲೇ ಬರುತ್ತದಂತೆ. ಪ್ರತಿ ವಾರ ಒಂದು ಮಗು ಅಂದಿನ 'ಇಮಾ', ಇನ್ನೊಂದು 'ಅಬ್ಬಾ', ಅಂದರೆ ಅಮ್ಮ, ಅಪ್ಪ. ಇಮಾ ಎರಡು ದೀಪ ಹಚ್ಚುತ್ತಾಳೆ. ತರಗತಿಯಲ್ಲಿ ಅವು ಮರದ ಆಟಿಕೆ ದೀಪಗಳು. ನಿಜವಾದದ್ದನ್ನು ಸಂಜೆ ಮನೆಯಲ್ಲಿ, ಸೂರ್ಯ ಮುಳುಗುವುದಕ್ಕೆ 18 ನಿಮಿಷ ಮುಂಚೆ ಹಚ್ಚುವುದು ವಾಡಿಕೆ. ಅಬ್ಬಾ ದ್ರಾಕ್ಷಿರಸದ ಬಟ್ಟಲು ಎತ್ತುತ್ತಾನೆ. ಆಮೇಲೆ ಖಲ್ಲಾ ಮುರಿದು ಎಲ್ಲರಿಗೂ ಹಂಚುತ್ತಾರೆ. ನನ್ನ ಮೊಮ್ಮಗಳ ಪಾಳಿ ಬಂದ ದಿನ ನಮ್ಮನ್ನೂ ಕರೆದಿದ್ದರು. ಅವಳು ತಲೆಗೆ ಕರವಸ್ತ್ರ ಹಾಕಿಕೊಂಡು, ಎರಡೂ ಕೈಯಿಂದ ಕಣ್ಣು ಮುಚ್ಚಿ, ಬೆರಳ ಸಂದಿಯಿಂದ ಅಜ್ಜಿಯನ್ನೇ ನೋಡುತ್ತಿದ್ದಳು.

ದೀಪಕ್ಕೂ ಮುಂಚೆ ಒಂದು ಕೆಲಸ ಉಂಟು. ತಗಡಿನ ಡಬ್ಬಿಯೊಂದು ಕೈಯಿಂದ ಕೈಗೆ ಬರುತ್ತದೆ, ಮನೆಯಿಂದ ತಂದ ನಾಣ್ಯವನ್ನು ಪ್ರತಿ ಮಗುವೂ ಹಾಕಬೇಕು. ಇದಕ್ಕೆ ಚೆದಾಕಾ ಎನ್ನುತ್ತಾರೆ. ದಾನ ಎಂದು ಅನುವಾದಿಸಿದರೆ ತಪ್ಪು, ಆ ಮಾತು ನ್ಯಾಯ ಎಂಬರ್ಥದ ಪದದಿಂದ ಹುಟ್ಟಿದ್ದು ಎಂದು ಮೋರಾ ಹೇಳಿದರು. ಕೊಟ್ಟವ ದೊಡ್ಡವನಲ್ಲ, ಪಡೆದವ ಚಿಕ್ಕವನಲ್ಲ, ಸಲ್ಲಬೇಕಾದದ್ದು ಸಂದಿತು ಅಷ್ಟೆ. 12ನೇ ಶತಮಾನದಲ್ಲಿ, ಅಂದರೆ ನಮ್ಮ ಶರಣರ ಕಾಲದಲ್ಲೇ, ಈಜಿಪ್ಟಿನಲ್ಲಿ ಬಾಳಿದ ಮೈಮೊನಿಡೀಸ್ ಎಂಬ ಪಂಡಿತ ಇದಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಮೇಲಿನದು, ಇನ್ನೊಬ್ಬ ಮತ್ತೆ ಕೈ ಚಾಚದಂತೆ ಅವನನ್ನು ಕಸುಬಿಗೆ ಹಚ್ಚುವುದು. ಕಾಯಕ, ದಾಸೋಹ ಎಂಬ ಮಾತುಗಳನ್ನು ದಿನಾ ಆಡುವ ಈ ಸಭೆಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷದ ಕೊನೆಗೆ ಡಬ್ಬಿ ಒಡೆದು ದುಡ್ಡು ಯಾರಿಗೆ ಎಂಬುದನ್ನು ಮಕ್ಕಳೇ ಕೈ ಎತ್ತಿ ತೀರ್ಮಾನಿಸುತ್ತಾರೆ. ಹಿಂದಿನ ವರ್ಷ ನಾಯಿಮರಿಗಳ ಆಶ್ರಯಕ್ಕೆ ಕೊಟ್ಟರಂತೆ!

ಅವರ ಪಂಚಾಂಗವೂ ನಮ್ಮಂತೆ ಚಂದ್ರನ ತಿಂಗಳು, ಸೂರ್ಯನ ವರ್ಷ. ಹನ್ನೆರಡು ಚಾಂದ್ರ ಮಾಸಕ್ಕೆ 354 ದಿನ, ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಹಾಗಾಗಿ 19 ವರ್ಷಕ್ಕೆ 7 ಸಲ ಒಂದು ತಿಂಗಳು ಹೆಚ್ಚು ಸೇರಿಸುತ್ತಾರೆ. ನಮಗೆ 2023ರಲ್ಲಿ ಅಧಿಕ ಶ್ರಾವಣ ಬಂತು, ಅವರಿಗೆ 2024ರಲ್ಲಿ ಅಧಿಕ ಅದಾರ್ ಬಂತು. ನಾವು ಹೋದ ಸೆಪ್ಟೆಂಬರಿನಲ್ಲಿ ಅವರ 5783ನೇ ವರ್ಷ ಹುಟ್ಟಿತು. ನಾವು ಬೇವು-ಬೆಲ್ಲ ತಿನ್ನುತ್ತೇವೆ, ಅವರು ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ಬೇವು ಇಲ್ಲ. ಕಹಿಗೆ ಅವರಲ್ಲಿ ಬೇರೆ ಹಬ್ಬ ಇದೆ.

ಅಕ್ಟೋಬರಿನಲ್ಲಿ ಬಂದ ಸುಕ್ಕೋತ್ ಹಬ್ಬ ನನ್ನಂಥವನಿಗೇ ಮಾಡಿಸಿದ್ದು. ಗುಲಾಮಗಿರಿಯಿಂದ ಬಿಡಿಸಿಕೊಂಡು ಮರುಭೂಮಿಯಲ್ಲಿ ಅಲೆದ ಹಿರಿಯರ ನೆನಪಿಗೆ ಏಳು ದಿನ ಗುಡಿಸಲಲ್ಲಿ ಉಣ್ಣಬೇಕು. ಗುಡಿಸಲು ಕಟ್ಟುವುದಕ್ಕೆ ಸುಮಾರು ಸಾವಿರದೆಂಟುನೂರು ವರ್ಷದ ಹಿಂದೆ ಬರೆದಿಟ್ಟ ಸ್ಪೆಸಿಫಿಕೇಶನ್ ಇದೆ. ಎತ್ತರ ಹತ್ತು ಗೇಣಿಗೆ ಕಡಿಮೆ ಇರಬಾರದು (ಅವರ ಗೇಣು ಅಂಗೈ ಅಗಲದ್ದು), ಇಪ್ಪತ್ತು ಮೊಳಕ್ಕೆ ಮೀರಬಾರದು. ಗೋಡೆ ಮೂರಾದರೂ ಬೇಕು. ಮಾಡಿಗೆ ನೆಲದಲ್ಲಿ ಬೆಳೆದದ್ದನ್ನೇ ಹೊದಿಸಬೇಕು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೆ ರಾತ್ರಿ ನಕ್ಷತ್ರ ಕಾಣುವಷ್ಟು ಸಂದಿ ಇರಬೇಕು. ನನ್ನ ಜೀವಮಾನದಲ್ಲಿ ಸೋರುವ ಮಾಡನ್ನೇ ಕೇಳಿದ ಟೆಂಡರು ಇದೊಂದೇ! ಶಾಲೆಯ ಅಂಗಳದಲ್ಲಿ ತಂದೆಯರು ಸೇರಿ ಚೌಕಟ್ಟು ನಿಲ್ಲಿಸುತ್ತಿದ್ದರು. ಒಂದು ಕಡೆ ಗಾಳಿಗೆ ಅಲುಗುತ್ತಿತ್ತು. ನಾನು ಸುಮ್ಮನಿರಲಾರದೆ ಹೋಗಿ ಎರಡು ಓರೆ ಪಟ್ಟಿ ಹೊಡೆಸಿದೆ. ಅವತ್ತಿನಿಂದ ಆ ಶಾಲೆಯಲ್ಲಿ ನನಗೆ ಒಂದು ಹೆಸರು ಬಂತು. ಮಕ್ಕಳು ಕಾಗದದ ಸರ, ಒಣ ಜೋಳದ ತೆನೆ, ಸೋರೆ ಬುರುಡೆ ತೂಗುಹಾಕಿದರು. ಮಧ್ಯಾಹ್ನದ ಊಟ ಅದರೊಳಗೆ. ಮಳೆ ಬಂತು, ಡಬ್ಬಿಯೆಲ್ಲ ಒದ್ದೆ, ಮಕ್ಕಳಿಗೆ ಅದಕ್ಕಿಂತ ದೊಡ್ಡ ಸಂಭ್ರಮ ಬೇರೆ ಬೇಕಿರಲಿಲ್ಲ. ಅದರ ಬೆನ್ನಿಗೇ ಬಂದ ಸಿಮ್ಹಾತ್ ತೋರಾ ದಿನ ಬಟ್ಟೆಯಲ್ಲಿ ಹೊಲಿದ ಪುಟ್ಟ ತೋರಾ ಸುರುಳಿಗಳನ್ನು ತಬ್ಬಿಕೊಂಡು ಕುಣಿದರು. ಧರ್ಮಗ್ರಂಥವನ್ನು ಹೀಗೆ ಗೊಂಬೆಯಂತೆ ಎತ್ತಿಕೊಂಡು ಕುಣಿಯಬಹುದೆಂದು ನನಗೆ ಗೊತ್ತಿರಲಿಲ್ಲ.

ಆ ತಿಂಗಳಲ್ಲೇ ನಮ್ಮ ದೀಪಾವಳಿ. ನಮ್ಮ ಮನೆಯವರು ಬೆಳಗಿನ ಜಾವ ಎದ್ದು ನಲವತ್ತು ಹೋಳಿಗೆ ಮಾಡಿ ಶಾಲೆಗೆ ತಂದರು. ಮೋರಾ ಬಹಳ ಸಂಕೋಚದಿಂದ, ಮನೆಯಲ್ಲಿ ಮಾಡಿದ್ದನ್ನು ಹಂಚಲು ನಮ್ಮಲ್ಲಿ ಅವಕಾಶವಿಲ್ಲ ಅಂದರು. ಇವರ ಮುಖ ಸಣ್ಣದಾಯಿತು. ನನಗಂತೂ ಮೈ ಉರಿಯಿತು. ಇದು ಮಡಿ ಅಲ್ಲದೆ ಇನ್ನೇನು? ಯಾವುದನ್ನು ನಮ್ಮ ಶರಣರು ಎಂಟು ನೂರು ವರ್ಷದ ಹಿಂದೆ ಕಿತ್ತೊಗೆದರೋ ಅದನ್ನು ಅಮೆರಿಕದಲ್ಲಿ ನೋಡಬೇಕಾಯಿತಲ್ಲ ಎಂದುಕೊಂಡೆ. ಆದರೆ ಮರುದಿನ ಅವರೇ ಫೋನು ಮಾಡಿ, "ಅಜ್ಜಿ ನಮ್ಮ ಅಡುಗೆಮನೆಗೆ ಬಂದು ಮಕ್ಕಳ ಕೈಯಲ್ಲೇ ಮಾಡಿಸಲಿ" ಎಂದು ಕರೆದರು. ಶಾಲೆಯ ಹಿಟ್ಟು, ತುಪ್ಪದ ಬದಲು ಅವರ ಬೆಣ್ಣೆ, ಬೆಲ್ಲದ ಬದಲು ಕಂದು ಸಕ್ಕರೆ. ಹೋಳಿಗೆ ಲಟ್ಟಿಸಿದ್ದು, ತಟ್ಟೆಗೆ ಹಾಕಿದ್ದು ಎಲ್ಲ ನಮ್ಮ ಮನೆಯವರ ಕೈಯೇ, ಯಾರೂ ಬೇಡ ಅನ್ನಲಿಲ್ಲ. ಅಲ್ಲಿಗೆ ನನಗೆ ತಿಳಿದದ್ದು, ಅವರ ತಕರಾರು ಪದಾರ್ಥ ಮತ್ತು ಪಾತ್ರೆಯದು, ಮುಟ್ಟಿದ ಕೈಯದಲ್ಲ. ಆದರೆ ಒಂದು ಮಾತು ಮುಚ್ಚಿಡುವುದಿಲ್ಲ. ಒಲೆ ಹಚ್ಚಿದ್ದು ಮಾತ್ರ ಮೋರಾ. ಏಕೆಂದು ಕೇಳಿದೆ. ಅಡುಗೆಯಲ್ಲಿ ಯಹೂದಿಯ ಕೈಯೂ ಇರಬೇಕೆಂದು ಕಟ್ಟುನಿಟ್ಟಿನವರು ಪಾಲಿಸುತ್ತಾರೆ, ಅಂಥ ಮನೆಯ ಮಕ್ಕಳೂ ಇಲ್ಲಿದ್ದಾರೆ ಎಂದು ನೇರವಾಗಿ ಹೇಳಿದರು. ಅದು ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಅವರಲ್ಲೂ ಎಲ್ಲರೂ ಒಂದೇ ಅಲ್ಲ. ಸುಧಾರಣೆಯವರಿದ್ದಾರೆ, ನಡುವಿನವರಿದ್ದಾರೆ, ಬಹಳ ಕಟ್ಟುನಿಟ್ಟಿನವರೂ ಇದ್ದಾರೆ. ಆ ಕೊನೆಯವರ ಕೆಲವು ಪಾಠಶಾಲೆಗಳಲ್ಲಿ ಮೂರು ವರ್ಷಕ್ಕೇ ಗಂಡು ಹೆಣ್ಣು ಬೇರೆ, ಲೋಕದ ವಿದ್ಯೆ ಅಲ್ಪ. ನಾನು ಹೇಳುತ್ತಿರುವುದು ನಾನು ಕಂಡ ಒಂದು ಶಿಶುವಿಹಾರದ ಮಾತು. ಇಸ್ರೇಲ್-ಪ್ಯಾಲೆಸ್ತೀನಿನ ಜಗಳದ ಬಗ್ಗೆ ಇಲ್ಲಿ ಯಾರಾದರೂ ಕೇಳಬಹುದು. ಅದು ಇಂದಿನ ವಿಷಯವಲ್ಲ, ಎರಡೂ ಕಡೆ ಮಕ್ಕಳಿದ್ದಾರೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಡಿಸೆಂಬರಿನಲ್ಲಿ ಹನುಕ್ಕಾ, ಎಂಟು ರಾತ್ರಿಯ ದೀಪದ ಹಬ್ಬ. ಯೆರೂಸಲೇಮಿನ ದೇವಾಲಯವನ್ನು ಶತ್ರುಗಳಿಂದ ಮರಳಿ ಪಡೆದಾಗ ಒಂದು ದಿನಕ್ಕೆ ಸಾಲುವ ಎಣ್ಣೆ ಎಂಟು ದಿನ ಉರಿಯಿತೆಂಬುದು ಕತೆ. ದೀಪ ಹಚ್ಚುವ ಬಗೆಗೆ ಇಬ್ಬರು ಹಳೆಯ ಗುರುಗಳ ಪಂಥಗಳಲ್ಲಿ ವಾದ ನಡೆಯಿತು. ಶಮ್ಮಾಯ್ ಕಡೆಯವರು ಎಂಟರಿಂದ ಶುರುಮಾಡಿ ಇಳಿಸುತ್ತ ಬರೋಣ ಎಂದರು. ಹಿಲ್ಲೆಲ್ ಕಡೆಯವರು ಒಂದರಿಂದ ಶುರುಮಾಡಿ ಏರಿಸುತ್ತ ಹೋಗೋಣ, ಬೆಳಕು ಹೆಚ್ಚಬೇಕೇ ಹೊರತು ಕುಗ್ಗಬಾರದು ಎಂದರು. ಇವರದೇ ನಿಂತಿತು. ಹಚ್ಚಲಿಕ್ಕೆಂದೇ ಪ್ರತಿ ರಾತ್ರಿ ಇನ್ನೊಂದು ಬತ್ತಿ ಬೇರೆ. ಮೊಮ್ಮಗಳು ಮತ್ತು ನಾನು ಮನೆಯಲ್ಲಿ ಗೋಲಿ ಇಟ್ಟು ಲೆಕ್ಕ ಮಾಡಿದೆವು: ಒಂದರಿಂದ ಎಂಟರವರೆಗೆ ಕೂಡಿದರೆ 36, ಹಚ್ಚುವ ಬತ್ತಿ 8, ಒಟ್ಟು 44. ಅಂಗಡಿಯಲ್ಲಿ ಹನುಕ್ಕಾ ಬತ್ತಿಯ ಪೆಟ್ಟಿಗೆ ತೆಗೆದು ಎಣಿಸಿದರೆ ಸರಿಯಾಗಿ 44!

ಈಗ ಆ ಪಿಸ್ತೂಲಿನ ಮಾತು. ಒಂದು ದಿನ ಮೊಮ್ಮಗಳು ಮನೆಗೆ ಬಂದು, "ಇವತ್ತು ಸದ್ದು ಮಾಡದ ಆಟ ಆಡಿದೆವು. ದೀಪ ಆರಿಸಿ ಮೂಲೆಯಲ್ಲಿ ಕೂತಿದ್ದೆವು. ನಾನು ಗೆದ್ದೆ" ಅಂದಳು. ನಮಗೆ ಅರ್ಥವಾಗಲಿಲ್ಲ. ಮಗಳು ಆಮೇಲೆ ಒಳಗೆ ಕರೆದು ಹೇಳಿದಳು. ಬಂದೂಕು ಹಿಡಿದವನು ಒಳನುಗ್ಗಿದರೆ ಏನು ಮಾಡಬೇಕು ಎಂಬುದರ ಅಭ್ಯಾಸ ಅದು. 2018ರ ಅಕ್ಟೋಬರ್ 27, ಶಬ್ಬಾತಿನ ಬೆಳಿಗ್ಗೆ, ಪಿಟ್ಸ್‌ಬರ್ಗ್ ನಗರದ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಒಬ್ಬ ಹನ್ನೊಂದು ಜನರನ್ನು ಗುಂಡಿಟ್ಟು ಕೊಂದ. ಗೇಟಿನಲ್ಲಿ ಪಿಸ್ತೂಲು ಇರುವುದು ಅಂಥವರಿಗಾಗಿ.

ಆ ರಾತ್ರಿ ನಮ್ಮ ಮನೆಯವರು ನಿದ್ದೆ ಮಾಡಲಿಲ್ಲ. "ನಾಳೆಯೇ ಬಿಡಿಸು ತಂಗಿ, ಅವರ ಜಗಳ ನಮಗ್ಯಾಕೆ? ನಮ್ಮ ಕೂಸು ಯಾಕೆ ಮೂಲ್ಯಾಗ ಅಡಗಿ ಕೂಡಬೇಕು?" ಅಂದರು. ನಾನೂ ಒಳಗೊಳಗೆ ಅದನ್ನೇ ಅಂದುಕೊಂಡಿದ್ದೆ. ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅವ್ವಾ, ಅಲ್ಲಿ ಇವಳ ಜೋಡಿ ಮಕ್ಕಳು ಇದ್ದಾರಲ್ಲ, ಅವರು ಬಿಟ್ಟು ಎಲ್ಲಿಗೆ ಹೋಗಬೇಕು? ಅವರ ಹಬ್ಬದ ಸಿಹಿಗೆ ನಾವು ಬೇಕು, ಭಯ ಬಂದರೆ ಬೇಡವಾ?" ಅಂದಳು. ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ. ಅಳಿಯಂದಿರ ಮನಸ್ಸು ಹೊಯ್ದಾಡುತ್ತಿತ್ತು. ಎರಡು ದಿನ ಮಗುವನ್ನು ಕಳಿಸಲಿಲ್ಲ. ಮೂರನೇ ದಿನ ಅವಳೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು, ಗಿಡಕ್ಕೆ ನೀರು ಹಾಕುವ ಪಾಳಿ ಅವಳದಂತೆ. ನಾನೇ ಬಿಟ್ಟು ಬಂದೆ. ಕಾವಲುಗಾರ ಬಗ್ಗಿ ಅವಳ ಕೈಗೆ ಕೈ ತಟ್ಟಿದ. ಆಮೇಲೆ ಪ್ರತಿದಿನ ನಾನು ಗೇಟಿನ ಹೊರಗೆ ಹತ್ತು ನಿಮಿಷ ನಿಂತೇ ಬರುತ್ತಿದ್ದೆ. ನಿಂತು ನಾನು ಏನು ಮಾಡುವವನಿದ್ದೆ ಎಂದು ಕೇಳಬೇಡಿ.

ಅವಳು ನೀರು ಹಾಕುತ್ತಿದ್ದ ಗಿಡದ ಕತೆ ಇದೆ. ಫೆಬ್ರುವರಿ 6ಕ್ಕೆ ಅವರಿಗೆ ಮರಗಳ ಹೊಸವರ್ಷ, ತೂ ಬಿಶ್ವಾತ್. ಹೊರಗೆ ಹಿಮ. ಮಕ್ಕಳು ಕಾಗದದ ಲೋಟದಲ್ಲಿ ಮಣ್ಣು ತುಂಬಿ ಪಾರ್ಸ್ಲೀ ಬೀಜ ಹಾಕಿದರು. ಕೊತ್ತಂಬರಿಯ ಜಾತಿಯ ಸೊಪ್ಪು ಅದು. ಆ ತಗ್ಗು ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಯಾಕೆ ಪಾರ್ಸ್ಲೀ ಎಂದರೆ, ಎರಡು ತಿಂಗಳ ಮೇಲೆ ಬರುವ ಪೆಸಾಖ್ ಹಬ್ಬದ ಊಟಕ್ಕೆ ಅದೇ ಸೊಪ್ಪು ಬೇಕು. ಮೊದಲು ಹಳೆಯ ಗಿಡಗಳಿಗೆ ನೀರು ಹಾಕುತ್ತಿದ್ದ ಪಾಳಿ ಈಗ ಈ ಲೋಟಗಳಿಗೂ ಬಂತು. ನಾವು ಮಾರ್ಚ್ 7ರ ಪುರೀಮ್ ಮುಗಿಸಿಕೊಂಡು ಹೊರಟೆವು. ಅದು ವೇಷದ ಹಬ್ಬ. ಪರ್ಷಿಯದ ರಾಣಿ ಎಸ್ತೇರಳು ತನ್ನ ಜನರನ್ನು ಹಾಮಾನ್ ಎಂಬ ದುಷ್ಟ ಮಂತ್ರಿಯಿಂದ ಉಳಿಸಿದ ಕತೆ ಓದುವಾಗ, ಅವನ ಹೆಸರು ಬಂದಲ್ಲೆಲ್ಲ ಮಕ್ಕಳು ಅವರೆಕಾಳು ತುಂಬಿದ ಗಿಲಕಿ ಅಲ್ಲಾಡಿಸಿ ಹೆಸರೇ ಕೇಳದಂತೆ ಮಾಡುತ್ತಾರೆ. ನಾವು ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೀರಿದಂತೆ ಮನೆಮನೆಗೆ ತಿಂಡಿಯ ಪೊಟ್ಟಣ ಕಳಿಸುತ್ತಾರೆ. ಎರಡು ಬಗೆಯಾದರೂ ಇರಬೇಕು, ಬಡವರಿಗೆ ಬೇರೆ ತೆಗೆದಿಡಬೇಕು. ಮೊಮ್ಮಗಳು ಎಸ್ತೇರ್ ಆಗಲಿಲ್ಲ, ಕಸದ ಲಾರಿ ಆದಳು.

ಊರಿಗೆ ಬಂದ ಮೇಲೆ ಪುಸ್ತಕ ತರಿಸಿಕೊಂಡು ಓದಿದೆ. ಇವರಿಗೆ ಈ ಶಿಶುವಿದ್ಯೆಯ ಗೀಳು ಎಲ್ಲಿಂದ ಬಂತು ಎಂದು. ಕ್ರಿಸ್ತಶಕ 70ರಲ್ಲಿ ಅವರ ದೇವಾಲಯ ನಾಶವಾಯಿತು. ಅದಕ್ಕೆ ಕೆಲವೇ ವರ್ಷ ಮುಂಚೆ ಯೆಹೋಶುವಾ ಬೆನ್ ಗಮ್ಲಾ ಎಂಬ ಪ್ರಧಾನ ಅರ್ಚಕ, ಊರೂರಿಗೂ ಮಕ್ಕಳ ಗುರುವನ್ನು ನೇಮಿಸಬೇಕು, ಆರು-ಏಳು ವರ್ಷಕ್ಕೆ ಸೇರಿಸಬೇಕು ಎಂದು ಕಟ್ಟಳೆ ಮಾಡಿದನೆಂದು ತಾಲ್ಮುದ್ ಗ್ರಂಥ ಹೇಳುತ್ತದೆ. ಅದೇ ಗ್ರಂಥದಲ್ಲಿ ಲೆಕ್ಕವೂ ಇದೆ: 25 ಮಕ್ಕಳಿಗೆ ಒಬ್ಬ ಗುರು, 40 ಆದರೆ ಒಬ್ಬ ಸಹಾಯಕ, 50 ಆದರೆ ಇಬ್ಬರು ಗುರುಗಳು, ಖರ್ಚು ಊರಿನದು. ದೇವಾಲಯ ಕಟ್ಟುವುದಕ್ಕೂ ಮಕ್ಕಳ ಪಾಠ ನಿಲ್ಲಿಸಕೂಡದು ಎಂಬ ಮಾತೂ ಅಲ್ಲಿದೆ. ಗುಡಿ ಹೋಯಿತು, ಪಾಠ ಉಳಿಯಿತು. ಮಧ್ಯಯುಗದ ಜರ್ಮನಿಯ ಕಡೆ, ಮಗು ಮೊದಲ ದಿನ ಗುರುವಿನ ತೊಡೆಯ ಮೇಲೆ ಕೂತು, ಹಲಗೆಯ ಅಕ್ಷರಗಳ ಮೇಲೆ ಸವರಿದ ಜೇನನ್ನು ನೆಕ್ಕುತ್ತಿತ್ತಂತೆ. 22 ಅಕ್ಷರ, ಅಲೆಫ್, ಬೇತ್ ಎಂದು ಬಲದಿಂದ ಎಡಕ್ಕೆ. ನಾವು ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುತ್ತೇವೆ, ಅವರು ನಾಲಿಗೆಗೇ ಮುಟ್ಟಿಸಿದರು. ಮೊಮ್ಮಗಳ ಶಾಲೆಯಲ್ಲೂ ಅದನ್ನು ಉಳಿಸಿಕೊಂಡಿದ್ದಾರೆ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಅಕ್ಷರದ ಮೇಲೆ ಒಂದು ಹನಿ.

ಮಾತಾಡುವವರೇ ಇಲ್ಲದ ಹೀಬ್ರೂ ಮತ್ತೆ ಮನೆಮಾತಾದದ್ದೂ ಮಕ್ಕಳಿಂದ. 1881ರಲ್ಲಿ ಯೆರೂಸಲೇಮಿಗೆ ಬಂದ ಎಲಿಯೇಜರ್ ಬೆನ್ ಯೆಹೂದಾ, ಮರುವರ್ಷ ಹುಟ್ಟಿದ ತನ್ನ ಮಗನ ಕಿವಿಗೆ ಹೀಬ್ರೂ ಬಿಟ್ಟು ಬೇರೆ ಮಾತು ಬೀಳಗೊಡಲಿಲ್ಲ. ಅದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ ರಿಶೋನ್ ಲೆಝಿಯೋನ್ ಎಂಬ ಊರಲ್ಲಿ 1898ರಲ್ಲಿ ಹೀಬ್ರೂ ಶಿಶುವಿಹಾರ ತೆರೆಯಿತು. ಅಂಥ ಶಿಶುವಿಹಾರಗಳಲ್ಲಿ ಹಾಡು, ಆಟ, ಜಗಳ ಎಲ್ಲ ಹೀಬ್ರೂದಲ್ಲಿ. ಮಕ್ಕಳು ಮನೆಗೆ ಹೋಗಿ ಅಪ್ಪ-ಅಮ್ಮನಿಗೆ ಕಲಿಸಿದರು. ನಾನು ನನ್ನ ಮಗಳನ್ನು ಎಲ್‌ಕೆಜಿಗೆ ಸೇರಿಸಿದ ದಿನವೇ, ಮನೆಯಲ್ಲೂ ಇಂಗ್ಲಿಷಿನಲ್ಲಿ ಮಾತಾಡಿ ಎಂದು ಟೀಚರು ಹೇಳಿದ್ದಕ್ಕೆ ತಲೆಯಾಡಿಸಿ ಬಂದವನು.

ಪೆಸಾಖ್‌ಗೆ ನಾವು ಇಲ್ಲಿದ್ದೆವು. ಏಪ್ರಿಲ್ ಮೊದಲ ವಾರ ಮಗಳು ಫೋನಿನಲ್ಲಿ ತರಗತಿಯ ಹಬ್ಬದೂಟ ತೋರಿಸಿದಳು. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಹಬ್ಬ. ಕಹಿ ಅಂದೆನಲ್ಲ, ಅದು ಇಲ್ಲಿದೆ. ಕಹಿ ಸೊಪ್ಪು ತಿನ್ನಬೇಕು. ಹುದುಗು ಬರಿಸದ ತೆಳ್ಳನೆ ಮಾತ್ಸಾ ರೊಟ್ಟಿ. ಸೇಬು ಅರೆದು ಮಾಡಿದ ಕಂದು ಮುದ್ದೆ, ಅದು ಗುಲಾಮರು ಇಟ್ಟಿಗೆಗೆ ಕಲಸಿದ ಗಾರೆಯ ಗುರುತು! ಮಕ್ಕಳು ತಮ್ಮ ಲೋಟದ ಪಾರ್ಸ್ಲೀ ಕಿತ್ತು ಉಪ್ಪುನೀರಿನಲ್ಲಿ ಅದ್ದಿದರು. ಉಪ್ಪುನೀರು ಕಣ್ಣೀರಿನ ಗುರುತು. ಆ ಊಟದಲ್ಲಿ ಹೇಳುವ ಕತೆಯೇ ಪ್ರಶ್ನೆಯಿಂದ ಶುರು. ಮನೆಯ ಅತಿ ಚಿಕ್ಕ ಮಗು ಎದ್ದು, ಈ ರಾತ್ರಿ ಉಳಿದ ರಾತ್ರಿಗಳಂತೆ ಏಕಿಲ್ಲ ಎಂದು ನಾಲ್ಕು ಪ್ರಶ್ನೆ ಕೇಳಬೇಕು. ಮಗು ಕೇಳಿದ ಮೇಲೆ ದೊಡ್ಡವರು ಕತೆ ಹೇಳುತ್ತಾರೆ. ನಿದ್ದೆ ಬರಬಾರದೆಂದು ಮಾತ್ಸಾದ ಒಂದು ತುಂಡನ್ನು ಬಚ್ಚಿಟ್ಟು ಹುಡುಕಿಸುತ್ತಾರೆ.

ನಾನು ಆರು ವರ್ಷದವನಿದ್ದಾಗ ಪೂಜೆಗೆ ಕೂತ ನಮ್ಮಪ್ಪನನ್ನು, "ಅಂಗೈಯಾಗ ಇಟ್ಟು ಏನ್ ನೋಡ್ತಿ ಅಪ್ಪಾ?" ಎಂದು ಕೇಳಿದ್ದೆ. "ಸುಮ್ಮಕಿರು, ದೊಡ್ಡಾವಾದ ಮ್ಯಾಲೆ ತಿಳೀತದ" ಎಂದಿದ್ದರು. ನನ್ನ ಮಗಳು ಅದನ್ನೇ ಕೇಳಿದಾಗ ನಾನು ಸೈಟಿಗೆ ಹೊರಟಿದ್ದೆ.

ಶಾಲೆಯ ಹಬ್ಬದ ಮರುದಿನ ಸಂಜೆ ಫೋನು ಬಂತು. ಮೊಮ್ಮಗಳು. ಪ್ರಶ್ನೆ ಕೇಳುವ ಅಭ್ಯಾಸ ಇನ್ನೂ ಇಳಿದಿರಲಿಲ್ಲ. "ಅಜ್ಜಾ, ನಿನ್ನ ಕೊರಳಲ್ಲಿರೋದು ಏನು? ಅದನ್ನ ಯಾಕೆ ಅಂಗಿ ಒಳಗೆ ಇಟ್ಕೋತಿ?" ಎಂದಳು. ನನಗೆ ಅರವತ್ತೇಳು. ಈ ಪ್ರಶ್ನೆಗೆ ನಾಲ್ಕು ವರ್ಷದ ಮಗುವಿಗೆ ತಿಳಿಯುವ ಒಂದು ವಾಕ್ಯ ನನ್ನ ಬಳಿ ಇರಲಿಲ್ಲ. ಹೇಳಲಿಕ್ಕೆ ಶುರುಮಾಡಿದೆ, ತಡವರಿಸಿದೆ, ಮತ್ತೆ ಶುರುಮಾಡಿದೆ. ಹಿಂದೆ ಮಗಳು ಲ್ಯಾಪ್‌ಟಾಪು ಮುಚ್ಚಿ ಬಂದು ಕೂತದ್ದು ಕಾಣಿಸಿತು. ನಲವತ್ತು ನಿಮಿಷವಾಯಿತು. ಅವತ್ತು ಹೇಳಿದ್ದರಲ್ಲಿ ಸರಿ ಎಷ್ಟು, ತಪ್ಪು ಎಷ್ಟು ಎಂದು ಆಮೇಲೆ ಪೂಜ್ಯರಲ್ಲಿ ಬಂದು ಕೇಳಿದ್ದೇನೆ, ತಿದ್ದಿದ್ದಾರೆ. ಕೊನೆಗೆ ಮೊಮ್ಮಗಳು, "ಉಳಿದದ್ದು ಶನಿವಾರ" ಎಂದು ಫೋನು ಇಟ್ಟಳು.

ಅಲ್ಲಿಂದ ಪ್ರತಿ ಶನಿವಾರ ನಮಗೆ ಸಂಜೆ ಆರೂವರೆ, ಅವರಿಗೆ ಬೆಳಿಗ್ಗೆ ಒಂಬತ್ತು. ಇವತ್ತು ಶನಿವಾರ, ಗಡಿಯಾರ ಆರು ದಾಟಿದೆ, ಹೋದ ವಾರದ ಒಂದು ಪ್ರಶ್ನೆ ಬಾಕಿ ಇದೆ. ಪೂಜ್ಯರು ಅಪ್ಪಣೆ ಕೊಟ್ಟರೆ ಹೊರಡುತ್ತೇನೆ.